ಹುಳು ಸೊಪ್ಪು ತಿನ್ನುವ ಸದ್ದು

ಹಾಲಿನ ಸಂಘದ ಅಧ್ಯಕ್ಷೆಯಾದ ಹೊಸದರಲ್ಲಿ ನನ್ನನ್ನು ಕನಕಪುರಕ್ಕೆ ಒಂದು ತರಬೇತಿಗೆ ಕಳಿಸಿದ್ದರು. ಸುತ್ತಲಿನ ತಾಲ್ಲೂಕುಗಳಿಂದ ಬಂದ ಹೆಂಗಸರೆಲ್ಲ ಇಸ್ತ್ರಿ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಗಳ ಅಂಚಿನಲ್ಲಿ ಕೂತಿದ್ದೆವು. ತರಬೇತಿ ಕೊಡಲು ಬಂದಿದ್ದವರು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು, ಮುಂದಾಳಿಗೆ ಬೇಕಾದ ಮುಖ್ಯ ಗುಣ ಯಾವುದು, ಒಂದೇ ಪದದಲ್ಲಿ ಬರೆಯಿರಿ ಎಂದರು. ಧೈರ್ಯ, ಪ್ರಾಮಾಣಿಕತೆ, ಮಾತುಗಾರಿಕೆ, ತಾಳ್ಮೆ ಎಂದೆಲ್ಲ ಬಂದವು. ನನ್ನ ಚೀಟಿ ಬಿಚ್ಚಿದವರು ಅದನ್ನು ಎತ್ತಿ ಹಿಡಿದು, "ಇದ್ಯಾರಮ್ಮ, ಕಿವಿ ಅಂತ ಬರೆದಿರೋರು?" ಎಂದು ಕೇಳಿದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ವಿವರಿಸಲು ಹೊರಟಿದ್ದರೆ ಮಧ್ಯಾಹ್ನದ ಊಟ ತಣ್ಣಗಾಗುತ್ತಿತ್ತು. ಈಗ ಬರೆಯಲು ಕೂತಿದ್ದೇನೆ, ಈಗ ಯಾರ ಊಟವೂ ಕಾಯುತ್ತಿಲ್ಲ.

ನನ್ನ ತವರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ. ರಾಗಿ, ಅವರೆ, ಹುರುಳಿ ಬೆಳೆಯುವ ಸೀಮೆ. ನಮ್ಮವ್ವ ಸಂಜೆ ದೇವರಿಗೆ ದೀಪ ಹಚ್ಚುವ ಮುಂಚೆ ಹಿತ್ತಲಿಗೆ ಹೋಗಿ ಅಕ್ಕಪಕ್ಕದ ಸೂರುಗಳ ಕಡೆ ಒಮ್ಮೆ ಕಣ್ಣಾಡಿಸುತ್ತಿದ್ದಳು. ಯಾವ ಮನೆಯಿಂದ ಹೊಗೆ ಎದ್ದಿಲ್ಲವೋ ಆ ಮನೆಗೆ ನನ್ನ ಕೈಯಲ್ಲಿ ಏನಾದರೂ ಕಳಿಸಿ, ಆಮೇಲೆ ದೀಪ. ದೇವರಿಗೆ ಹೊತ್ತಾಗುವುದಿಲ್ಲವೇ ಎಂದು ಒಂದು ಸಲ ಕೇಳಿದೆ. "ದ್ಯಾವ್ರು ಕಾಯ್ತಾನೆ ಕಣಮ್ಮಿ. ಅವ್ನಿಗೇನು ಹೊಟ್ಟೆ ಹಸ್ದಿರ್ತದಾ?" ಎಂದು ಗದರಿದಳು. ನಾನು ಕಲಿತ ಭಕ್ತಿ ಇಷ್ಟೇ. ಅದರ ಜೊತೆಗೆ ಅಪ್ಪನ ಕಡೆಯಿಂದ ಮೂಗಿನ ತುದಿಯ ಕೋಪವೂ ಬಂದಿದೆ. ಎರಡನ್ನೂ ಕಟ್ಟಿಕೊಂಡು ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯ ಒಂದು ಊರಿಗೆ ಸೊಸೆಯಾಗಿ ಬಂದೆ.

ಬಂದದ್ದು ಪೂಜಾರಿಕೆ ಮನೆಗೆ. ಊರಮ್ಮನ ಪೂಜೆ ನಮ್ಮ ಮಾವನದು. ಗುಡಿ ಗುಡಿಸುವುದು, ರಂಗೋಲಿ ಹಾಕುವುದು, ವಾರದ ದಿನ ತಂಬಿಟ್ಟು ಮಾಡುವುದು ನನ್ನ ಪಾಲು. ಮಾವ ಒಳ್ಳೆಯ ಮನುಷ್ಯ, ಆದರೆ ಅಮ್ಮನನ್ನು ಕೇಳದೆ ಹುಲ್ಲುಕಡ್ಡಿ ಅಲ್ಲಾಡಿಸುವವರಲ್ಲ. ಅಮ್ಮನ ಮುಡಿಗೆ ಹೂವಿಟ್ಟು ಕೈಮುಗಿದು ನಿಲ್ಲುವುದು, ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಇದಕ್ಕೆ ಹೂ ಕೇಳುವುದು ಎನ್ನುತ್ತಾರೆ. ಕರು ಕೊಳ್ಳುವುದಕ್ಕೂ ಹೂವು, ಬೋರು ಕೊರೆಸುವುದಕ್ಕೂ ಹೂವು. ನನ್ನನ್ನು ಸೊಸೆ ಮಾಡಿಕೊಳ್ಳುವಾಗಲೂ ಹೂ ಕೇಳಿದ್ದರಂತೆ. ಬಲಕ್ಕೇ ಬಿದ್ದಿತ್ತಂತೆ. ನಾನು ಎದುರು ಮಾತಾಡಿದಾಗಲೆಲ್ಲ ಅವರು ಅಮ್ಮನ ಕಡೆ ತಿರುಗಿ ನೋಡುತ್ತಿದ್ದದ್ದು, ಇದಕ್ಕೆ ನೀನೇ ಹೊಣೆ ಎನ್ನುವ ಹಾಗಿರುತ್ತಿತ್ತು.

ಊರಿನ ಉಳಿದ ದೇವರೆಂದರೆ ರೇಷ್ಮೆ ಹುಳು. ಮನೆಯ ನಡುಮನೆಯೇ ಅದರದು, ನಾವು ಗೋಡೆ ಬದಿಗೆ ಒತ್ತರಿಸಿಕೊಂಡು ಮಲಗಬೇಕು. ರಾಗಿ ಸೀಮೆಯಿಂದ ಬಂದ ನನಗೆ ಮೊದಲ ಸಲ ದೊಡ್ಡ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಕೇಳಿದಾಗ ಹೊರಗೆ ಮಳೆ ಹನಿಯುತ್ತಿದೆ ಎಂದುಕೊಂಡು, ಒಣಹಾಕಿದ ಬಟ್ಟೆ ತರಲು ಎದ್ದು ಓಡಿದ್ದೆ. ಅತ್ತೆ ಅದನ್ನು ಕೇರಿಗೆಲ್ಲ ಹೇಳಿ ನಕ್ಕರು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಕಲ್ಲಿನಂತೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹೊಟ್ಟೆಬಾಕರಂತೆ ತಿಂದು, ಕೊನೆಗೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತವೆ. ಹಣ್ಣಾದ ಹುಳುವನ್ನು ಆಯ್ದು, ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ಹಣ್ಣಾಗುವುದು ಎಲ್ಲವೂ ಒಟ್ಟಿಗೇ. ಹೊತ್ತು ಮೀರಿದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ.

ಅದಕ್ಕೇ ಮುಯ್ಯಿ ಅಂತ ಒಂದು ಪದ್ಧತಿ ಇತ್ತು. ನಿಮ್ಮ ಹುಳು ಹಣ್ಣಾದ ದಿನ ನಾವು ಬರುತ್ತೇವೆ, ನಮ್ಮ ಹುಳುವಿಗೆ ನೀವು ಬನ್ನಿ. ಕೂಲಿ ಇಲ್ಲ, ಕರೆಯೂ ಇಲ್ಲ. ಸುದ್ದಿ ತಿಳಿದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದುಬಿಡುತ್ತಿದ್ದರು.

ನಾನು ಹೇಳುತ್ತಿರುವ ಕಾಲದಲ್ಲಿ ಮುಯ್ಯಿ ಸಡಿಲವಾಗಿತ್ತು. ನಾವಿನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರೇ ಆಗಿದ್ದೆವು, ರಾಮನಗರ ಜಿಲ್ಲೆಯಾಗಿರಲಿಲ್ಲ. ಮೈಸೂರು ರಸ್ತೆ ಅಗಲವಾಗುತ್ತಿತ್ತು, ಅದರ ಪಕ್ಕದಲ್ಲಿ ತಗಡಿನ ಶೆಡ್ಡುಗಳು ಒಂದರ ಹಿಂದೆ ಒಂದು ಎದ್ದವು. ಬಟ್ಟೆ ಹೊಲಿಯುವ ಕಾರ್ಖಾನೆಗಳು. ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ವ್ಯಾನು ಬಂದು ಹಾರ್ನ್ ಹೊಡೆದರೆ, ನಮ್ಮೂರಿನ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ಸಂಜೆ ಅದೇ ವ್ಯಾನು ತಂದು ಇಳಿಸುತ್ತಿತ್ತು. ಊರಿನವರು ಅವರಿಗೆ ವ್ಯಾನಮ್ಮಗಳು ಎಂದು ಹೆಸರಿಟ್ಟರು. ಪೌಡರ್ ಹಾಕುತ್ತಾರೆ, ಹೂ ಮುಡಿಯುತ್ತಾರೆ, ಹುಳುವಿಗೆ ವಾಸನೆ ಆಗದು, ಅವರನ್ನು ಹುಳುಮನೆಗೆ ಸೇರಿಸಬೇಡಿ ಎಂದರು. ಹಾಗಾಗಿ ಮುಯ್ಯಿಗೆ ಅವರನ್ನು ಯಾರೂ ಎದುರು ನೋಡುತ್ತಿರಲಿಲ್ಲ. ಅವರೂ ಬರುತ್ತಿರಲಿಲ್ಲ.

ನಮ್ಮ ಕೇರಿಯ ತುದಿಯಲ್ಲಿ ನನ್ನ ಓರಗೆಯ ಗೆಳತಿಯೊಬ್ಬಳ ಮನೆಯಿತ್ತು. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯವಳು, ನಾನು ಮದುವೆಯಾಗಿ ಬಂದ ವರ್ಷವೇ ಬಂದವಳು. ಇಬ್ಬರೂ ಹೊಸಬರು ಎಂಬ ಕಾರಣಕ್ಕೆ ನಮ್ಮ ಸ್ನೇಹ ಶುರುವಾಗಿ ಗಟ್ಟಿಯಾಯಿತು. ಊರಿನಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಮೊದಲು ಹಾಜರಾಗುತ್ತಿದ್ದವಳು ಅವಳು. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಬ್ಬಳು ಮಗಳು. ಆ ವರ್ಷ ಅವರ ಹುಳು ಎಲ್ಲರಿಗಿಂತ ಮುಂದಿತ್ತು. ಉಳಿದ ಮನೆಗಳಲ್ಲಿ ಇನ್ನೂ ಮೂರನೇ ಜ್ವರದ ಆಸುಪಾಸು, ಅವರಲ್ಲಿ ನಾಲ್ಕೂ ಮುಗಿದು ಹಣ್ಣಾಗಲು ಮೂರು ದಿನವೋ ಏನೋ ಬಾಕಿ.

ಒಂದು ಬೆಳಿಗ್ಗೆ ಅವಳ ಗಂಡ ಸೊಪ್ಪು ಕೊಯ್ಯಲು ಹೋದವನು ತೋಟದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಸಂಜೆಯೊಳಗೆ ಮಣ್ಣಾಯಿತು.

ಊರು ಮಾಡಬೇಕಾದ್ದನ್ನೆಲ್ಲ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಮನೆಗೊಬ್ಬರಂತೆ ಮುದ್ದೆ, ಸಾರು, ಅನ್ನ ಹೊತ್ತು ತಂದರು. ಹಟ್ಟಿಯ ಹಸುವನ್ನು ಒಬ್ಬರು ಹಿಡಿದುಕೊಂಡು ಹೋಗಿ ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಂಡರು. ಮಗುವಿಗೆ ಸ್ನಾನ ಮಾಡಿಸಿದರು. ಆದರೆ ಹುಳುವಿನ ತಂಟೆಗೆ ಯಾರೂ ಹೋಗಲಿಲ್ಲ. ಸೂತಕದ ಮನೆಯ ಹುಳು ಮುಟ್ಟಿದ ಕೈಯಲ್ಲಿ ತಮ್ಮ ಮನೆಯ ಹುಳು ಮುಟ್ಟಿದರೆ ಇಡೀ ಬೆಳೆ ಕೈಕೊಡುತ್ತದೆ ಎಂಬ ಭಯ. ಎಲ್ಲರ ಮನೆಯಲ್ಲೂ ಹುಳು ಇದ್ದವಲ್ಲ.

ಮಾರನೆಯ ದಿನ ನಾನು ಅನ್ನದ ಪಾತ್ರೆ ಹಿಡಿದು ಹೋದೆ. ಪೂಜಾರಿಕೆ ಮನೆಯವರು ಸಾವಿನ ಮನೆಯ ಹೊಸ್ತಿಲು ದಾಟುವಂತಿಲ್ಲ, ಜಗಲಿಯ ಮೇಲೆ ಇಟ್ಟು ಬರಬೇಕು. ಇಟ್ಟೆ. ತಿರುಗಿದೆ. ಏನೋ ಸರಿಯಿಲ್ಲ ಎಂದು ಕಿವಿಗೆ ಅನ್ನಿಸಿತು. ಒಳಗೆ ಅಳುವ ಸದ್ದು ನಿಂತಿತ್ತು, ಬಂದ ನೆಂಟರು ಹಿತ್ತಲಲ್ಲಿದ್ದರು. ಆ ಮನೆಯಲ್ಲಿ ಇರಬೇಕಾದ ಮಳೆಯ ಸದ್ದು ಇರಲಿಲ್ಲ. ನಡುಮನೆ ತುಂಬ ಹುಳು ಸಾಕುವ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಬೆರಳುಗಾತ್ರದ ಹುಳು, ಒಂದೂ ತಿನ್ನುತ್ತಿರಲಿಲ್ಲ. ತಿನ್ನಲು ಏನೂ ಇರಲಿಲ್ಲ.

ಬಾಗಿಲಿನಿಂದ ಬಗ್ಗಿ ನೋಡಿದೆ. ಹಿಂದಿನ ದಿನದ ಒಣಗಿದ ಕಡ್ಡಿಗಳ ಮೇಲೆ ಹುಳುಗಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ನನ್ನ ಗೆಳತಿ ಅವನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಿ, ಮತ್ತೆ ಹುಳುಗಳನ್ನೇ ನೋಡಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಮನುಷ್ಯರಿಗೆ ಮುದ್ದೆ ಹೊತ್ತು ತಂದ ಇಷ್ಟು ಜನರಲ್ಲಿ ಒಬ್ಬರಿಗಾದರೂ ಹುಳುವಿಗೆ ಒಂದು ಹೊರೆ ಸೊಪ್ಪು ಹಾಕಬೇಕೆನಿಸಲಿಲ್ಲವೇ? ಅವಳಿಗೂ ಮಗುವಿಗೂ ಮುಂದಕ್ಕೆ ಇದ್ದದ್ದು ಆ ಬೆಳೆ ಒಂದೇ. ಅದು ಹೋದರೆ ತೋಟ ಮಾರಿ ತವರಿಗೆ ಹೋಗುವುದೇ ದಾರಿ ಎಂದು ನೆಂಟರು ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಹೊಸ್ತಿಲು ದಾಟಿದೆ. ಯೋಚನೆ ಮಾಡಿದ್ದರೆ ದಾಟುತ್ತಿರಲಿಲ್ಲವೇನೋ. ಅವರ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ತಟ್ಟೆ ತಟ್ಟೆಗೂ ಹಾಸಿದೆ. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಮಳೆ ಹಿಡಿಯಿತು. ಮೊದಲು ಒಂದೆರಡು ಹನಿ, ಆಮೇಲೆ ಸೋನೆ, ಆಮೇಲೆ ಜೋರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆ.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಮಾವ ಜಗಲಿಯ ಮೇಲೆ ಕಾಯುತ್ತಿದ್ದರು.

"ಒಳಕ್ಕೆ ಹೋದ್ಯಂತೆ?"

"ಊಂ ಮಾವ. ಹೋದೆ."

"ಸೂತ್ಕದ ಮನೆ ಕಣವ್ವ ಅದು. ನಮ್ದು ಅಮ್ಮನ ಪೂಜಾರಿಕೆ ಮನೆ ಅನ್ನೋ ಗ್ಯಾನನಾರ ಬ್ಯಾಡ್ವಾ?"

"ಸೂತ್ಕ ಮನುಷ್ಯರಿಗೆ ಮಾವ. ಹುಳಕ್ಕೆ ಹಸಿವು ಅಷ್ಟೇಯಾ."

"ವಾದ ಮಾಡ್ಬ್ಯಾಡ. ಅವ್ರ ತಿಥಿ ಕಳ್ಯೋಗಂಟ ಗುಡಿ ಮೆಟ್ಲು ತುಳೀಬ್ಯಾಡ. ನಮ್ಮ ಹುಳದ ತಾವೂ ಸುಳೀಬ್ಯಾಡ. ಅಮ್ಮ ಏನ್ ಮಾಡ್ತಾಳೋ, ಅವ್ಳಿಗೆ ಬುಟ್ಟದ್ದು."

ಆಗಲಿ ಎಂದೆ. ನಿಜ ಹೇಳಬೇಕೆಂದರೆ ಗುಡಿಯ ಮಾತು ಚುಚ್ಚಿತು. ಆ ಗುಡಿ ಗುಡಿಸದೆ ನನಗೆ ಬೆಳಗಾಗುತ್ತಿರಲಿಲ್ಲ. ನನ್ನ ಗಂಡ ಎಲ್ಲ ಕೇಳಿಸಿಕೊಂಡೂ ಬಾಯಿ ಬಿಡಲಿಲ್ಲ, ಅವರದ್ದು ಯಾವಾಗಲೂ ಅಷ್ಟೇ. ಮಾರನೆಯ ಬೆಳಿಗ್ಗೆ ನೋಡಿದರೆ ಗೆಳತಿಯ ಮನೆಯ ಬೇಲಿಯ ಮೇಲೆ ಎರಡು ಹೊರೆ ಹಸಿ ಸೊಪ್ಪು. ಇದೇನು ಎಂದು ಕೇಳಿದ್ದಕ್ಕೆ, "ಒಸಿ ಹೆಚ್ಚಾಗಿ ಕುಯ್ದ್‌ಬುಟ್ಟಿದ್ದೆ," ಎಂದು ತಲೆ ಕೆರೆದುಕೊಂಡು ಹೋದರು.

ಅದೇ ಮಧ್ಯಾಹ್ನ ಹುಳು ಹಣ್ಣಾಗಲು ಶುರುವಾದವು. ಹಸಿದು ಬಳಲಿದ್ದವಲ್ಲ, ಒಂದು ದಿನ ಮುಂಚೆಯೇ ತಿರುಗಿದವು. ತಟ್ಟೆಯ ಅಂಚಿಗೆಲ್ಲ ಹತ್ತಿ ಜಾಗ ಹುಡುಕತೊಡಗಿದವು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ನೆಂಟರು ತಿಥಿಗೆ ಬರುತ್ತೇವೆಂದು ತಮ್ಮ ಊರಿಗೆ ಹೋಗಿದ್ದರು. ಗೆಳತಿ ಸೂತಕದಲ್ಲಿ ಮೂಲೆ ಬಿಟ್ಟು ಏಳುವಂತಿರಲಿಲ್ಲ, ಏಳುವ ಜೀವವೂ ಅವಳಲ್ಲಿ ಇರಲಿಲ್ಲ.

ಕೇರಿಯ ಮನೆಮನೆಗೂ ಹೋದೆ. ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಕೂಗಿದೆ. ಊರಿನ ದೊಡ್ಡ ಮನೆಯ ಯಜಮಾನಿ ಬಾಗಿಲಿಗೆ ಬಂದರು. ಯಾರಿಗೂ ಕೆಟ್ಟದ್ದು ಬಯಸದ ಹೆಂಗಸು, ಅವರ ಮನೆಗೆ ನನ್ನ ಗೆಳತಿ ಎಷ್ಟು ಸಲ ಮುಯ್ಯಿಗೆ ಹೋಗಿದ್ದಳೋ. "ನಂಗೂ ಹೊಟ್ಟೆ ಉರೀತದೆ ಕಣವ್ವ," ಎಂದರು. "ಆದ್ರೆ ನಮ್ಮನೇಲೂ ಹುಳ ಅವಲ್ಲ. ಅಮ್ಮ ಮುನಿದ್ರೆ ಯಾರ್ ಜವಾಬ್ದಾರಿ, ನೀನೇ ಹೇಳು."

ಮುಂದಿನ ಮನೆಗೆ ನಡೆದೆ. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ. ಬೀದಿಯ ನಡುವೆ ನಿಂತು ಗುಡಿಯ ಗೋಪುರದ ಕಡೆ ನೋಡಿ, ಅವ್ವಾ, ನೀನೂ ಹೆಣ್ಣಲ್ಲವಾ ಎಂದು ಜಗಳ ತೆಗೆದೆ. ಅಷ್ಟರಲ್ಲಿ ದೂರದಲ್ಲಿ ವ್ಯಾನಿನ ಹಾರ್ನ್ ಕೇಳಿತು.

ಓಡಿದೆ. ಅರಳಿಕಟ್ಟೆ ತಲುಪುವ ಮುಂಚೆಯೇ ರಸ್ತೆಗೆ ಅಡ್ಡ ನಿಂತೆ. ವ್ಯಾನು ಕಿರ್ರೆಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಏನಕ್ಕಾ, ಸಾಯಕ್ಕೆ ನನ್ ಗಾಡೀನೇ ಬೇಕಾಗಿತ್ತಾ?" ಎಂದ. ಅವನಿಗೆ ಉತ್ತರ ಕೊಡಲಿಲ್ಲ. ಒಳಗಿದ್ದ ಹೆಣ್ಣುಮಕ್ಕಳಿಗೆ ಹೇಳಿದೆ. ಇಡೀ ದಿನ ಹೊಲಿಗೆ ಮಿಷನ್ನಿನ ಮುಂದೆ ಕೂತು ಬಂದ ಮುಖಗಳು, ಬಾಡಿದ ಹೂವು, ಮಡಿಲಲ್ಲಿ ಖಾಲಿ ಡಬ್ಬಿ.

"ಅವ್ಳ ಹುಳ ಹಣ್ಣಾಗವೆ. ನಾನೊಬ್ಳೇ ಇವ್ನಿ. ಕೈ ಬೇಕು, ಬನ್ರಮ್ಮಿ."

ಅವರಲ್ಲಿ ಹಿರಿಯಳು, ನಾಲಿಗೆ ಚುರುಕಿನವಳು ಒಬ್ಬಳಿದ್ದಳು. ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸದಿಂದ ಶುರು ಮಾಡಿ ಒಂದು ಸಾಲು ಮಿಷನ್ನುಗಳ ಉಸ್ತುವಾರಿವರೆಗೆ ಬಂದಿದ್ದವಳು. "ನಮ್ ಪೌಡ್ರು ವಾಸ್ನೆ ಹುಳಕ್ಕಾಗಲ್ಲ ಅಂತಿದ್ರಿ?" ಎಂದು ಕೊಂಕು ತೆಗೆದಳು.

"ತೊಳ್ಕಂಡು ಬಾ," ಎಂದೆ.

ಅವಳು ನಕ್ಕುಬಿಟ್ಟಳು. ಆದರೆ ಹಿಂದಿನ ಸೀಟಿನ ಹುಡುಗಿಯೊಬ್ಬಳು ಅಳುಕುತ್ತ ಕೇಳಿದಳು, "ಅಕ್ಕಾ, ನಮ್ಮನೇಲೂ ಹುಳ ಅವೆ. ಏನಾರ ಆದ್ರೆ ನಮ್ಮತ್ತೆ ನನ್ನ ಸುಮ್ಕೆ ಬುಟ್ಟಾರಾ?"

ಮತ್ತೆ ಅದೇ ಪ್ರಶ್ನೆ. ಈ ಸಲ ನನ್ನ ಬಾಯಿಂದ ಉತ್ತರ ತಾನಾಗಿಯೇ ಬಂತು. "ನಾನು ಅಮ್ಮನ ಪೂಜಾರಿಕೆ ಮನೆಯೋಳು. ಅಮ್ಮನ ಮೇಲೆ ಆಣೆ ಮಾಡಿ ಯೋಳ್ತಿವ್ನಿ. ಯಾರ ಮನೆ ಹುಳಕ್ಕೆ ಏನೇ ಆಗ್ಲಿ, ಅದು ನನ್ನ ತಲೆ ಮ್ಯಾಲೆ. ನಿಮ್ಮತ್ತೆ ಕೇಳಿದ್ರೆ ನನ್ನನ್ನ ತೋರ್ಸಿ."

ಹಿರಿಯಳು ಎದ್ದು ನಿಂತಳು. "ನಮ್ಮನ್ನ ಮುಯ್ಯಿಗೆ ಅಂತ ಒಬ್ರೂ ಕರ್ದಿರ್ಲಿಲ್ಲ ಕಣ್ರೇ. ಇವ್ಳು ಕರೀತಾವ್ಳೆ. ಇಳೀರಿ, ಇಳೀರಿ. ಅಲ್ಲ, ಇಳೀಬ್ಯಾಡಿ. ಅಣ್ಣಾ, ಗಾಡಿ ಸೀದಾ ಅವ್ಳ ಮನೆ ತಾವ್ಕೇ ಬುಡಿ!"

ಆ ವ್ಯಾನು ನಮ್ಮ ಕೇರಿಯೊಳಗೆ ಬಂದದ್ದು ಅದೇ ಮೊದಲು. ಅಂಗಳದ ಬಾಯಿಗೆ ನಾನು ಒಂದು ಬೋಗುಣಿ ಬ್ಲೀಚಿಂಗ್ ಪುಡಿಯ ನೀರು ಇಟ್ಟಿದ್ದೆ. ಅಮ್ಮನ ಮೇಲೆ ನನಗೆ ನಂಬಿಕೆ ಇತ್ತು, ಬ್ಲೀಚಿಂಗ್ ಪುಡಿಯ ಮೇಲೂ ಇತ್ತು. ಎಲ್ಲರೂ ಹೂ ತೆಗೆದು ಬೇಲಿಗೆ ಸಿಕ್ಕಿಸಿ, ಕೈಕಾಲು ಮುಖ ತೊಳೆದು, ಕಾರ್ಖಾನೆಯಲ್ಲಿ ಕಟ್ಟಿಕೊಳ್ಳುವ ಬಟ್ಟೆಯನ್ನು ತಲೆಗೆ ಬಿಗಿದುಕೊಂಡರು.

ಆಮೇಲೆ ನಾನು ಕಂಡದ್ದನ್ನು ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ನಾವು ಮುಯ್ಯಿಯಲ್ಲಿ ಒಬ್ಬೊಬ್ಬರೂ ಒಂದು ತಟ್ಟೆ ಹಿಡಿದು ಕೂತು ಹರಟುತ್ತ ಆಯುವವರು. ಇವರು ಹಾಗಲ್ಲ. ಹಿರಿಯಳು ಒಂದು ಸಲ ಸುತ್ತ ನೋಡಿ, ನೀನು ಇಲ್ಲಿ, ನೀನು ಅಲ್ಲಿ ಎಂದು ಸಾಲು ಮಾಡಿದಳು. ಇಬ್ಬರು ತಟ್ಟೆ ಇಳಿಸಿದರು, ಸಾಲಾಗಿ ಕೂತವರು ಹಣ್ಣಾದದ್ದನ್ನಷ್ಟೇ ಆಯ್ದರು, ಇಬ್ಬರು ಅಂಗಳಕ್ಕೆ ಸಾಗಿಸಿದರು, ಉಳಿದವರು ಚಂದ್ರಿಕೆಯ ಮೇಲೆ ಬಿಟ್ಟರು. ಬಟ್ಟೆಯ ದಾರದ ತುದಿ ಹುಡುಕಿ ಪಳಗಿದ ಬೆರಳುಗಳು, ಹುಳುವನ್ನು ನೋಯಿಸದೆ ಎತ್ತುತ್ತಿದ್ದವು. "ಬೇಗ ಬೇಗ, ಪ್ರೊಡಕ್ಷನ್ ಕೊಡ್ರಮ್ಮಾ!" ಎಂದು ಒಬ್ಬಳು ತಮ್ಮ ಸೂಪರ್‌ವೈಸರನ ದನಿಯಲ್ಲಿ ಗದರಿದಳು. ಸಾವಿನ ಮನೆ ಎಂಬುದೂ ಮರೆತು ಎಲ್ಲರೂ ಕಿಸಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಸಂಜೆಗತ್ತಲಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾನು ಸೀಮೆಎಣ್ಣೆ ಬುಡ್ಡಿ ಹುಡುಕುತ್ತಿದ್ದಾಗ ಅಂಗಳ ಫಕ್ಕನೆ ಬೆಳಗಿತು. ಡ್ರೈವರ್ ವ್ಯಾನನ್ನು ತಿರುಗಿಸಿ, ಅದರ ಎರಡೂ ದೀಪಗಳನ್ನು ಅಂಗಳದ ಮೇಲೆ ಬಿಟ್ಟಿದ್ದ. "ಬ್ಯಾಟ್ರಿ ಇಳ್ದ್ರೆ ನೀವೇ ತಳ್ಬೇಕು," ಎಂದು ಸ್ಟೀರಿಂಗಿನ ಮೇಲೆ ಕೈಕಟ್ಟಿ ಕೂತ. ಆ ಬೆಳಕಿನಲ್ಲಿ ಹಳದಿ ಹುಳುಗಳು ಚಂದ್ರಿಕೆಯ ಸುರುಳಿಗಳ ಮೇಲೆ ಹೊಳೆಯುತ್ತ ಹರಿದಾಡುತ್ತಿದ್ದವು.

ಆದರೆ ಚಂದ್ರಿಕೆ ಸಾಲದೆ ಬಂತು. ಬಿಡಲು ಜಾಗವಿಲ್ಲದೆ ಒಬ್ಬ ಹುಡುಗಿ ಇದ್ದ ಚಂದ್ರಿಕೆಯ ಮೇಲೇ ಹುಳುಗಳನ್ನು ತುಂಬುತ್ತಿದ್ದಳು.

"ಅಷ್ಟು ಒತ್ತೊತ್ತಾಗಿ ಬುಡಬ್ಯಾಡಮ್ಮಿ. ಎರಡೆರಡು ಸೇರಿ ಜೋಡಿ ಗೂಡು ಕಟ್ಕಬುಡ್ತವೆ. ಅದ್ನ ಯಾರೂ ಕೊಳ್ಳಲ್ಲ."

ಎಲ್ಲರೂ ತಿರುಗಿದೆವು. ಬಾಗಿಲಲ್ಲಿ ನನ್ನ ಗೆಳತಿ ನಿಂತಿದ್ದಳು. ಗಂಡ ಹೋದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಕೂದಲು ಕೆದರಿತ್ತು, ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು, ಆದರೆ ಕಣ್ಣು ಚಂದ್ರಿಕೆಯ ಮೇಲಿತ್ತು. ಯಾರೂ ಅವಳನ್ನು ಒಳಗೆ ಹೋಗು ಎನ್ನಲಿಲ್ಲ. ಅಲ್ಲಿಂದಲೇ ಅದು ಇನ್ನೂ ಹಣ್ಣಾಗಿಲ್ಲ, ಇದನ್ನು ದೀಪದ ಮರೆಗೆ ಸರಿಸಿ ಎಂದು ಹೇಳುತ್ತ ಹೋದಳು.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಯಾರೋ ಕೆಮ್ಮಿದರು. ದೊಡ್ಡ ಮನೆಯ ಯಜಮಾನಿ ತಲೆಯ ಮೇಲೆ ಚಂದ್ರಿಕೆ ಹೊತ್ತು ನಿಂತಿದ್ದರು, ಅವರ ಹಿಂದೆ ಅವರ ಸೊಸೆ ಇನ್ನೊಂದು ಹೊತ್ತಿದ್ದಳು. "ನಾನು ಒಳಿಕ್ಕೆ ಬರಾಕಿಲ್ಲ," ಎಂದರು. "ಇವು ತೊಳ್ದಿಟ್ಟಿರೋವು. ಈಸ್ಕಳ್ಳಿ." ಬೇಲಿಯ ಮೇಲಿಂದ ಈಸಿಕೊಂಡೆವು. ಅವರನ್ನು ನೋಡಿ ಇನ್ನೂ ಒಂದೆರಡು ಮನೆಯಿಂದ ಚಂದ್ರಿಕೆಗಳು ಬಂದವು. ಊಟದ ಹೊತ್ತಿಗೆ ತಟ್ಟೆಗಳೆಲ್ಲ ಖಾಲಿಯಾಗಿ, ಅಂಗಳ ಚಂದ್ರಿಕೆಯಿಂದ ತುಂಬಿತ್ತು. ವ್ಯಾನಿನ ಬ್ಯಾಟರಿ ನಿಜವಾಗಿಯೂ ಇಳಿದಿತ್ತು. ಕೇರಿಯ ಕೊನೆಯವರೆಗೂ ಎಲ್ಲರೂ ಸೇರಿ ತಳ್ಳಿದೆವು.

ಗೆದ್ದೆ ಎಂದು ಮನೆಗೆ ಬಂದು ಕೂತ ಮೇಲೆ ಭಯ ಹಿಡಿಯಿತು. ತಲೆ ಮೇಲೆ ಹಾಕಿಕೊಂಡಾಗಿತ್ತು, ಆದರೆ ಅದು ಎಷ್ಟು ಭಾರ ಎಂದು ಆಗ ಗೊತ್ತಾಯಿತು. ಊರಿನ ಯಾವ ಮನೆಯಲ್ಲಿ ಒಂದು ತಟ್ಟೆ ಹುಳು ಸತ್ತರೂ ಅದು ನನ್ನಿಂದ, ನನ್ನನ್ನು ನಂಬಿದ ಆ ಹೆಣ್ಣುಮಕ್ಕಳಿಂದ. ಅವರನ್ನು ಮತ್ತೆ ಯಾರೂ ನೆಮ್ಮದಿಯಿಂದ ಇರಲು ಬಿಡುವುದಿಲ್ಲ. ಗುಡಿಗೆ ಹೋಗುವಂತಿರಲಿಲ್ಲ. ಬೀದಿಯಲ್ಲೇ ನಿಂತು, ನನ್ನ ತಲೆ ಗಟ್ಟಿಯಿದೆ ತಾಯಿ, ಏನು ಮಾಡುವುದಿದ್ದರೂ ಅದಕ್ಕೆ ಮಾಡು, ಅವರ ಹುಳುವಿಗೆ ಬೇಡ ಎಂದು ಬೇಡಿಕೊಂಡೆ.

ಕೆಲವು ದಿನ ಕಳೆದಿರಬೇಕು. ಬೆಳ್ಳಂಬೆಳಿಗ್ಗೆ ನಮ್ಮ ಬಾಗಿಲಲ್ಲಿ ಗಲಾಟೆ. ವ್ಯಾನಿನ ಹಿಂದಿನ ಸೀಟಿನ ಹುಡುಗಿಯ ಅತ್ತೆ. "ಎಲ್ಲವ್ಳೆ ನಿಮ್ ಸೊಸೆ? ತಲೆ ಮ್ಯಾಲೆ ಹಾಕ್ಕತೀನಿ ಅಂದೋಳು! ನಮ್ಮ ಹುಳ ಒಂದೂ ಸೊಪ್ಪು ಮುಟ್ತಿಲ್ಲ, ಕಲ್ಲಾಗ್ಬುಟ್ಟವೆ!" ಕೇರಿಯೆಲ್ಲ ನೆರೆಯಿತು. ಮಾವ ಎದ್ದು ನಿಂತರು. ನಾನು ಆಕೆಯ ಹಿಂದೆ ಹೋದೆ, ಮಾವನೂ ಬಂದರು, ಊರೂ ಬಂತು.

ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದೆ. ಹುಳುಗಳು ತಟ್ಟೆಯ ತುಂಬ ತಲೆ ಎತ್ತಿ ಅಲುಗಾಡದೆ ಕೂತಿದ್ದವು. ಕಣ್ಣಿಟ್ಟು ನೋಡಿದ ಮೇಲೆ ನಗು ಬಂತು. ತಡೆದುಕೊಳ್ಳಲು ಆಗಲಿಲ್ಲ.

"ಅತ್ತೇ," ಎಂದೆ, "ಇವು ಎಷ್ಟನೇ ಜ್ವರಕ್ಕೆ ಬಂದಿದ್ವು?"

ಆಕೆ ಬಾಯಿ ತೆರೆದಳು. ಮುಚ್ಚಿದಳು. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಬುದ್ಧಿ ಬಂದಾಗಿನಿಂದ ಹುಳು ಸಾಕಿದ್ದ ಹೆಂಗಸು, ಭಯಕ್ಕೆ ಹುಳು ಜ್ವರಕ್ಕೆ ಕೂತದ್ದನ್ನು ಅಮ್ಮನ ಶಾಪ ಎಂದುಕೊಂಡಿದ್ದಳು. ಮೊದಲು ನಕ್ಕದ್ದು ಯಾರೆಂದು ಗೊತ್ತೇ? ನಮ್ಮ ಮಾವ. ಹೆಗಲ ಮೇಲಿನ ಟವೆಲ್ಲು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿಸಿ ನಕ್ಕರು. ಕೇರಿಗೆ ಕೇರಿಯೇ ನಕ್ಕಿತು. ಮಾರನೆಯ ದಿನ ಹುಳು ಜ್ವರ ಎದ್ದು ಗಬಗಬ ತಿಂದವು. ಆ ಸಲ ಆ ಅತ್ತೆಯ ಮನೆಯ ಗೂಡು ಎಷ್ಟು ಚೆನ್ನಾಗಿ ಬಂತೆಂದರೆ, ಸೊಸೆಯ ಕೈಗುಣ ಎಂದು ಅವರೇ ಹೇಳಿಕೊಂಡು ತಿರುಗಿದರು. ಯಾರ ಮನೆಗೂ ಏನೂ ಆಗಲಿಲ್ಲ. ಗೆಳತಿಯ ಗೂಡು ಸ್ವಲ್ಪ ತೆಳುವಾಗಿದ್ದರೂ ಹಸನಾಗಿತ್ತು. ಅವಳ ಅಣ್ಣ ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ. ತೋಟ ಮಾರುವ ಮಾತು ಅಲ್ಲಿಗೆ ನಿಂತಿತು.

ತಿಥಿ ಮುಗಿದ ಮೇಲೆ ಒಂದು ಭಾನುವಾರ ಗುಡಿಯ ಮುಂದೆ ಊರು ಸೇರಿತ್ತು. ನಮ್ಮೂರಿಗೆ ಹೆಂಗಸರದೇ ಹಾಲಿನ ಸಂಘ ಮಂಜೂರಾಗಿ, ಅಧ್ಯಕ್ಷೆಯನ್ನು ಆರಿಸಬೇಕಿತ್ತು. ಹಿರಿಯರು ದೊಡ್ಡ ಮನೆಯ ಸೊಸೆಯ ಹೆಸರು ಹೇಳಿ ಮುಗಿಸಲು ನೋಡಿದರು. ಯಜಮಾನಿಯೇ ಎದ್ದು ನಿಂತು, "ನಮ್ ಮನೆ ಬ್ಯಾಡ. ಜವಾಬ್ದಾರಿ ಯಾರ್ದು ಅಂತ ನಾನ್ ಕೇಳ್ದಾಗ, ನಂದು ಅಂದೋಳು ಒಬ್ಳವ್ಳೆ," ಎಂದು ನನ್ನ ಕಡೆ ಕೈ ತೋರಿಸಿದರು. ವ್ಯಾನಿನ ಹಿರಿಯಳು ಹೋ ಎಂದು ಕೈ ಎತ್ತಿದಳು, ಅವಳ ಹಿಂದೆ ಅವರ ಸಾಲಿಗೆ ಸಾಲೇ ಎತ್ತಿತು. ನಾನು ಮೆಟ್ಟಿಲ ಕೆಳಗೆ ದೂರ ನಿಂತಿದ್ದೆ, ಮಾವ ಇನ್ನೂ ಮೇಲಕ್ಕೆ ಬಾ ಎಂದಿರಲಿಲ್ಲ. ಹೆದರಿಕೆಯಾಗಿ, ಅಮ್ಮನ ಹತ್ತಿರ ಹೂ ಕೇಳಿ, ಅವಳು ಬೇಡ ಎಂದರೆ ಬೇಡ ಎಂದೆ.

ಎಲ್ಲರೂ ಮಾವನನ್ನು ನೋಡಿದರು. ಕರುವಿಗೂ ಬೋರಿಗೂ ಹೂ ಕೇಳುವ ನಮ್ಮ ಮಾವ, ಅಮ್ಮನ ಕಡೆ ಒಂದು ಸಲ ತಿರುಗಿ ನೋಡಿದರು.

"ಯಾತಕ್ಕೆ ಕೇಳೋದು?" ಎಂದರು. "ಒಂದ್ ಸಲ ಬಲಕ್ಕೆ ಕೊಟ್ಟವ್ಳೆ. ಅದೇ ಸಾಕು. ಹತ್ತು ಬಾವ್ವ."

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಆಗ ಹುಣಸೆಮರದ ಕೆಳಗೆ, ಎಲ್ಲರಿಂದ ಹಿಂದೆ, ನನ್ನ ಗೆಳತಿ ಕಂಡಳು. ಬೆಳೆಯ ಮೊದಲ ಗೂಡು ಅಮ್ಮನಿಗೆ ಮೀಸಲು, ಅದನ್ನು ಕೊಡಲು ಬಂದಿದ್ದಳು. ಮಗಳ ಕೈಯಲ್ಲಿ ಕಳಿಸಲೆಂದು ಗೂಡುಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ತಾನು ಬರಬಾರದವಳೆಂದು ದೂರ ನಿಂತಿದ್ದಳು. ಕುಂಕುಮವಿಲ್ಲದ ಹಣೆಯವಳು ಗುಡಿಗೆ ಮೀಸಲು ತರುವುದು ನಮ್ಮೂರಿನಲ್ಲಿ ಇರಲಿಲ್ಲ.

ಮೆಟ್ಟಿಲು ಇಳಿದೆ. ಸೀದಾ ಮರದ ಹತ್ತಿರ ಹೋಗಿ ಅವಳ ಕೈ ಹಿಡಿದೆ. "ಬ್ಯಾಡ ಕಣಕ್ಕ," ಎಂದಳು. "ಬಾ," ಎಂದೆ. ಅವಳನ್ನೂ ಮಗಳನ್ನೂ ಕರೆದುಕೊಂಡು ಜನರ ನಡುವೆ ನಡೆದೆ. ಮೇಲೆ ಬಾಗಿಲಿಗೆ ಅಡ್ಡವಾಗಿ ಮಾವ ನಿಂತಿದ್ದರು. ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

ಮಾವ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಆ ಗೂಡುಗಳಿಗಾಗಿ ಅವಳ ಮುಂದೆ ಎರಡೂ ಕೈ ಒಡ್ಡಿದರು.